ಟ್ಯಾಪೆಟ್ ಸೌಂಡ್ ಬರ್ತಿದೆಯಾ? ಬರಲಿ ಬಿಡಿ

ನಮ್ಮ ತೆಲಿಗಿ ಕಡೆ ಬೈಕಿಗೆ ಇರೋದು ಎರಡೇ ಕಾಯಿಲೆ. ಒಂದು "ಮೈಲೇಜ್ ಕೊಡ್ತಿಲ್ಲ", ಇನ್ನೊಂದು "ಸೌಂಡ್ ಬರ್ತೈತಿ". ಎರಡನೇದಕ್ಕೆ ಔಷಧಿ ಎಲ್ಲ ಕಡೆ ಒಂದೇ. ಗಾಡಿ ಸ್ಟ್ಯಾಂಡ್ ಹಾಕಿ, ಇಂಜಿನ್ ಇನ್ನೂ ಕೈಸುಡೋ ಹಾಗಿರುವಾಗಲೇ "ಅಣ್ಣಾ, ಟ್ಯಾಪೆಟ್ ಲೂಸ್ ಆಗೈತಿ, ಟೈಟ್ ಮಾಡ್ಲಾ?" ಅಂತ ಕೇಳ್ತಾರೆ. ಮಾಡು ಅಂತೀವಿ. ಐದು ನಿಮಿಷದಲ್ಲಿ ಟಕಟಕ ಮಾಯ. ಚಾ ಕುಡಿದು, ದುಡ್ಡು ಕೊಟ್ಟು, ಖುಷಿಯಾಗಿ ಮನೆಗೆ ಬರ್ತೀವಿ.

ನನ್ನ ತಕರಾರು ಇರೋದು ಈ ಖುಷಿಯ ಮೇಲೆ.

ಟ್ಯಾಪೆಟ್ ಅಂತ ನಾವು ಕರೆಯೋದು ರಾಕರ್ ತುದಿಯ ಸ್ಕ್ರೂ ಮತ್ತು ವಾಲ್ವ್ ತಲೆಯ ನಡುವೆ ಇರಬೇಕಾದ ಸಂದನ್ನ. ಸ್ಪ್ಲೆಂಡರ್, ಪಲ್ಸರ್ ತರದ ಗಾಡಿಗಳಲ್ಲಿ ಅದು ಹೆಚ್ಚೆಂದರೆ ಒಂದು ತಲೆಗೂದಲಿನ ದಪ್ಪ. ಪಲ್ಸರ್ 150ಕ್ಕೆ ಇನ್ಲೆಟ್ 0.05 ಮಿ.ಮೀ., ಎಕ್ಸಾಸ್ಟ್ 0.10 ಮಿ.ಮೀ. ಇಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುವಾಗ ಪ್ರತಿ ವಾಲ್ವ್ 2500 ಸಲ ತೆಗೆದು ಮುಚ್ಚುತ್ತೆ. ಗಂಟೆಗೆ ಒಂದೂವರೆ ಲಕ್ಷ ಸಲ! ಇಷ್ಟು ಸಲ ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಸವೆಯದೆ ಇರುತ್ತಾ?

ಸವೆತ ಎರಡು ತರ. ಸ್ಕ್ರೂ ತುದಿ, ರಾಕರ್, ಕ್ಯಾಮ್ ಸವೆದರೆ ಸಂದು ದೊಡ್ಡದಾಗುತ್ತೆ, ಟಕಟಕ ಜಾಸ್ತಿಯಾಗುತ್ತೆ. ಇದು ಎಲ್ಲರಿಗೂ ಕೇಳಿಸುತ್ತೆ. ಇನ್ನೊಂದು, ವಾಲ್ವ್ ಕೂರುವ ಸೀಟೇ ಸವೆಯೋದು. ಆಗ ವಾಲ್ವ್ ಸ್ವಲ್ಪ ಒಳಗೆ ಹೋಗಿ ಕೂರುತ್ತೆ, ಅದರ ತಲೆ ಮೇಲಕ್ಕೆ ಬರುತ್ತೆ, ಸಂದು ಚಿಕ್ಕದಾಗುತ್ತೆ. ಸೌಂಡ್ ಜಾಸ್ತಿ ಆಗೋ ಬದಲು ಕಡಿಮೆ ಆಗುತ್ತೆ. ನಾವೋ, "ಗಾಡಿ ಸೆಟ್ ಆತು ನೋಡಪಾ" ಅಂತ ಬೆನ್ನು ತಟ್ಟಿಕೊಳ್ತೀವಿ :)

ಸಂದು ಪೂರ್ತಿ ಹೋದರೆ ವಾಲ್ವ್ ಸರಿಯಾಗಿ ಮುಚ್ಚಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನ ಹೆಡ್ಡಿಗೆ ದಾಟಿಸೋದು ಮುಖ್ಯವಾಗಿ ಸೀಟಿನ ಮೇಲೆ ಕೂತಾಗಲೇ. ಕೂರದಿದ್ದರೆ ಬೆಂಕಿಯಂಥ ಗಾಳಿ ಆ ಸಂದಿಯಿಂದ ನುಗ್ಗಿ ನುಗ್ಗಿ ಅಂಚೇ ಸುಟ್ಟು ಹೋಗುತ್ತೆ. ಬೆಳಿಗ್ಗೆ ಹತ್ತು ಕಿಕ್ ಹೊಡೀಬೇಕು, ಸ್ಲೋ ನಿಲ್ಲಲ್ಲ, ಏರಿನಲ್ಲಿ ಪಿಕಪ್ ಇಲ್ಲ. ಮೊದಲು ಪ್ಲಗ್ ಬದಲಾಯಿಸ್ತಾರೆ, ಆಮೇಲೆ ಕಾರ್ಬೊರೇಟರ್ ತೊಳೀತಾರೆ, ಕೊನೆಗೆ ಹೆಡ್ ಬಿಚ್ಚಿ ನೋಡಿದರೆ ಅಲ್ಲಿರುತ್ತೆ ಕಥೆ.

ನಮ್ಮ ಸೋದರಮಾವನ ಮಗನಿಗೆ ಆಗಿದ್ದು ಇದೇ. ದಿನಾ ಹಾಲಿನ ಕ್ಯಾನ್ ಎರಡೂ ಕಡೆ ಕಟ್ಟಿಕೊಂಡು ಓಡಾಡೋ ಗಾಡಿ. ಸೀಸನ್ನಿನಲ್ಲಿ ಅದರ ಮೇಲೆ ಮೆಕ್ಕೆಜೋಳದ ಚೀಲ, ಸಂಜೆ ದನಕ್ಕೆ ಮೇವು. ಎರಡನೇ ಗೇರಿನಲ್ಲೇ ಅರ್ಧ ದಾರಿ. ಇಂಥ ಗಾಡಿಯ ಟ್ಯಾಪೆಟ್ಟನ್ನ ಸೌಂಡ್ ಬಂದಾಗಲೆಲ್ಲ ಟೈಟ್ ಮಾಡಿಸ್ತಾ ಹೋಗಿದ್ದಾನೆ. ಎಕ್ಸಾಸ್ಟ್ ವಾಲ್ವ್ ಸುಟ್ಟಿತು. ಹೆಡ್ಡನ್ನ ದಾವಣಗೆರೆಗೆ ಕಳಿಸಿ, ವಾಲ್ವ್ ಹಾಕಿಸಿ, ಸೀಟ್ ಕಟ್ ಮಾಡಿಸಿ, ಮೂರು ಸಾವಿರದ ಹತ್ತಿರ ಬಿಲ್ಲು. ಬಿಲ್ಲಿಗಿಂತ ದೊಡ್ಡ ಪೆಟ್ಟು ನಾಲ್ಕು ದಿನ ಗಾಡಿ ಇಲ್ಲದೆ ಹಾಲು ಸಾಗಿಸಿದ್ದು. "ಸೌಂಡೇ ಇರ್ಲಿಲ್ಲೋ ಮಾರಾಯ, ಗಾಡಿ ಬೆಣ್ಣಿ ಇದ್ದಂಗಿತ್ತು" ಅಂತಾನೆ ಈಗಲೂ. ಸೌಂಡ್ ಇರಲಿಲ್ಲ, ಅದೇ ತೊಂದರೆ ಅಂತ ನಾನು ಹೇಳಿದರೆ ನಗ್ತಾನೆ.

ಕಿವಿಯಿಂದ ಟ್ಯಾಪೆಟ್ ನೋಡೋ ಈ ಅಭ್ಯಾಸ ಎಲ್ಲಿಂದ ಬಂತು ಅಂತ ಯೋಚಿಸಿದ್ದೀನಿ. ನಮ್ಮ ಹಳೇ ಮೆಕ್ಯಾನಿಕ್ಕುಗಳು ಕೈ ಪಳಗಿಸಿದ್ದು ಟೂ-ಸ್ಟ್ರೋಕ್ ಗಾಡಿಗಳ ಮೇಲೆ. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಮಾಡ್ತು. ಅದರ ನಡುವೆಯೇ ಆರ್‌ಎಕ್ಸ್ 100 ಬಂತು. ಇವುಗಳಲ್ಲಿ ಇಂಥ ವಾಲ್ವೇ ಇಲ್ಲ, ಸಿಲಿಂಡರ್ ಗೋಡೆಯ ಕಿಂಡಿಗಳನ್ನ ಪಿಸ್ಟನ್ನೇ ತೆಗೆದು ಮುಚ್ಚುತ್ತೆ. ಬುಲೆಟ್ ಒಂದಕ್ಕೆ ಟ್ಯಾಪೆಟ್ ಇತ್ತು. ಹಳೇ ಬುಲೆಟ್ಟಿನಲ್ಲಿ ಗೇಜ್ ಬೇಕಿರಲಿಲ್ಲ, ಪಕ್ಕದ ಮುಚ್ಚಳ ತೆಗೆದು ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗುತ್ತಾ ಅಂತ ನೋಡಿದರೆ ಸಾಕಿತ್ತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ ಹಳ್ಳಿಹಳ್ಳಿಗೂ ಫೋರ್-ಸ್ಟ್ರೋಕ್ ತಲುಪಿತು. ಗಾಡಿ ಬದಲಾಯ್ತು, ಕೈ ಮಾತ್ರ ಹಳೇದೇ ಉಳೀತು. (2018ರಲ್ಲಿ ಮರಳಿ ಬಂದ ಜಾವಾದಲ್ಲಿ ವಾಲ್ವ್ ಇದೆ. ಹೆಸರೊಂದೇ ಹಳೇದು.)

ಇನ್ನು ನಮ್ಮ ಓನರ್‌ಗಳ ವಿಷಯ. ಗಾಡಿ ಜೊತೆ ಕೊಡೋ ಪುಸ್ತಕದ ಸರ್ವಿಸ್ ಪಟ್ಟಿಯಲ್ಲಿ ವಾಲ್ವ್ ಕ್ಲಿಯರೆನ್ಸ್ ಅಂತ ಒಂದು ಸಾಲು ಇದ್ದೇ ಇರುತ್ತೆ. ಆ ಪುಸ್ತಕ ಟ್ರಂಕಿನಲ್ಲಿ ಆರ್‌ಸಿ ಕೆಳಗೆ ಮಲಗಿರುತ್ತೆ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ವಾಪಸ್ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯ್ತು. ನಮ್ಮ ಜಿಲ್ಲೆ ಬದಲಾದಷ್ಟು ಸಲನೂ ಗೇಜ್ ಕಾಣದ ಗಾಡಿಗಳು ನಮ್ಮೂರಲ್ಲಿವೆ!

"ನಮ್ಮಪ್ಪನ ಸ್ಪ್ಲೆಂಡರ್ ಲಕ್ಷ ಕಿಲೋಮೀಟರ್ ಓಡೈತಿ, ಒಂದ್ಸಲನೂ ನೋಡಿಲ್ಲ" ಅನ್ನೋರು ಸಿಕ್ಕೇ ಸಿಗ್ತಾರೆ. ನಿಜ ಇರಬಹುದು. ಮೇಷ್ಟ್ರು ಸ್ಕೂಲಿಗೆ ಹೋಗಿ ಬರೋ ಗಾಡಿ, ಒಬ್ಬರೇ ಕೂರೋದು, ನಲವತ್ತರ ಮೇಲೆ ಹೋಗಲ್ಲ, ಅದು ತಡೀತು. ಆ ಲೆಕ್ಕವನ್ನ ಹಾಲಿನ ಗಾಡಿಗೆ ಹಾಕಬೇಡಿ ಅನ್ನೋದಷ್ಟೇ ನನ್ನ ಮಾತು. ಭಾರ ಹೊರುವ ಗಾಡಿ ಇದ್ದವರು ಪುಸ್ತಕದಲ್ಲಿ ಹೇಳಿದಷ್ಟು ಕಿಲೋಮೀಟರಿಗೆ ತಪ್ಪದೆ ನೋಡಿಸಲೇಬೇಕು. ಪೇಟೆಯಲ್ಲಿ ಆಫೀಸಿಗೆ ಓಡಿಸೋರು ಒಂದು ಸರ್ವಿಸ್ ಆಚೀಚೆ ಮಾಡಿದರೆ ಆಕಾಶವೇನೂ ಬೀಳಲ್ಲ.

ನೋಡಿಸೋದು ಹೇಗೆ ಅನ್ನೋದು ಮಾತ್ರ ಮುಖ್ಯ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಪುಸ್ತಕದ ಅಂಕಿ ತಣ್ಣನೆ ಇಂಜಿನ್ನಿಗೆ ಕೊಟ್ಟಿದ್ದು, ಬಿಸಿಯಲ್ಲಿ ಅಳೆದರೆ ಅದಕ್ಕೆ ಅರ್ಥ ಇಲ್ಲ. ಅದಕ್ಕೇ ರಾತ್ರಿಯೇ ಗಾಡಿ ಬಿಟ್ಟು ಬರೋದು ಒಳ್ಳೇದು. ಮ್ಯಾಗ್ನೆಟ್ ಮೇಲಿನ ಟಿ ಗುರುತು ಕಿಂಡಿಗೆ ಸರಿಯಾಗಿ ಬರಬೇಕು, ಆಗ ಎರಡೂ ರಾಕರ್ ಸಡಿಲ ಇರಬೇಕು. ಇಲ್ಲ ಅಂದ್ರೆ ಇನ್ನೊಂದು ಸುತ್ತು ತಿರುಗಿಸಬೇಕು. ಫೀಲರ್ ಗೇಜ್ ಸ್ವಲ್ಪ ಹಿಡಿದುಕೊಂಡು ಜಾರಬೇಕು. ನಟ್ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೀಬೇಕು, ಯಾಕಂದ್ರೆ ನಟ್ ಜೊತೆ ಸ್ಕ್ರೂನೂ ಒಂಚೂರು ತಿರುಗಿರುತ್ತೆ. ಗೇಜ್ ತುಂಬಾ ದುಬಾರಿ ಏನಲ್ಲ, ಸ್ಪೇರ್ ಪಾರ್ಟ್ಸ್ ಅಂಗಡೀಲಿ ಸಿಗುತ್ತೆ. ನಾನು ಒಂದು ತಂದು ಸೀಟಿನ ಕೆಳಗೆ ಟೂಲ್ ಕಿಟ್ ಜೊತೆ ಇಟ್ಟಿದ್ದೀನಿ, ಮೆಕ್ಯಾನಿಕ್ ಹತ್ರ ಇಲ್ಲದಿದ್ದರೆ ನಂದೇ ಕೊಡ್ತೀನಿ. ಮೊದಲ ಸಲ ಮುಖ ಸಿಂಡರಿಸಿದರು, ಈಗ ಅವರೇ ಕೇಳಿ ಇಸ್ಕೊಳ್ತಾರೆ.

ಎಲ್ಲ ಗಾಡಿಗೂ ಇದು ಅನ್ವಯಿಸಲ್ಲ. 2009ರಲ್ಲಿ ಬಂದ ಕ್ಲಾಸಿಕ್ 350ರ ಯುಸಿಇ ಇಂಜಿನ್ನಿಗೆ ಹೈಡ್ರಾಲಿಕ್ ಟ್ಯಾಪೆಟ್, ಆಯಿಲ್ ಒತ್ತಡವೇ ಸಂದು ನೋಡಿಕೊಳ್ಳುತ್ತೆ. ಅದನ್ನ ಮುಟ್ಟೋ ಅಗತ್ಯ ಇಲ್ಲ. ಕೆಟಿಎಂ 390 ತರದ ಗಾಡಿಗಳಲ್ಲಿ ಸ್ಕ್ರೂ ಬದಲು ಶಿಮ್ ಇರುತ್ತೆ, ಅಳತೆಗೆ ತಕ್ಕ ಬಿಲ್ಲೆಯನ್ನೇ ಬದಲಾಯಿಸಬೇಕು. ಅದು ಹುಣಸೇಮರದ ಕೆಳಗೆ ಕೂತು ಮಾಡೋ ಕೆಲಸ ಅಲ್ಲ. ಅಂಥ ಗಾಡಿ ಇಟ್ಟುಕೊಂಡವರು ಸೌಂಡ್ ಬಂತು ಅಂತ ಸಿಕ್ಕಸಿಕ್ಕಲ್ಲಿ ಬಿಚ್ಚಿಸಬೇಡಿ.

ಉಳಿದವರು ಮುಂದಿನ ಸಲ "ಟೈಟ್ ಮಾಡ್ಲಾ ಅಣ್ಣಾ" ಅಂದಾಗ "ಬ್ಯಾಡಪಾ, ಮೊದ್ಲು ಅಳತಿ ನೋಡು" ಅನ್ನಿ. ಅಂದ ಹಾಗೆ ಹರಿಹರ, ದಾವಣಗೆರೆ ಕಡೆ ಗೇಜ್ ಹಿಡಿದೇ ಕೆಲಸ ಮಾಡೋ ಮೆಕ್ಯಾನಿಕ್ ಯಾರಾದ್ರೂ ನಿಮಗೆ ಗೊತ್ತಿದ್ದರೆ ತಿಳಿಸಿ. ನಮ್ಮ ಹಾಲಿನವನಿಗೆ ಹೇಳಬೇಕು, ಹೊಸ ವಾಲ್ವ್ ಹಾಕಿಸಿದ ಮೇಲೆ ಮತ್ತೆ ಸೌಂಡ್ ಶುರುವಾಗಿದೆಯಂತೆ :)