ಶುಗರ್ ಫ್ರೀ ಸಿಹಿಯ ಒಳಗುಟ್ಟು
ಕೊಯಮತ್ತೂರಿನ ಗಾಂಧಿಪುರಂ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾವುದಾದರೂ ಮೆಡಿಕಲ್ ಶಾಪಿನಲ್ಲಿ ‘ಶುಗರ್ ಫ್ರೀ’ ಕೆಮ್ಮಿನ ಸಿರಪ್ ಕೇಳಿ. ಲೇಬಲ್ಲಿನ ಸಣ್ಣಕ್ಷರಗಳಲ್ಲಿ ಹೆಚ್ಚಾಗಿ ಸಾರ್ಬಿಟಾಲ್ ಎಂಬ ಸಿಹಿಕಾರಕ ಕಾಣುತ್ತದೆ. ಅದನ್ನು ತಯಾರಿಸುವುದು ಹೀಗೆ. ಮೆಕ್ಕೆಜೋಳದ ಅಥವಾ ಮರಗೆಣಸಿನ ಪಿಷ್ಟವನ್ನು ಒಡೆದರೆ ಗ್ಲೂಕೋಸ್. ಅದರ ದ್ರಾವಣಕ್ಕೆ ನಿಕಲ್ ಪುಡಿ ಬೆರೆಸಿ, ನೂರು ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಹೈಡ್ರೋಜನ್ ಅನಿಲವನ್ನು ಭಾರೀ ಒತ್ತಡದಿಂದ ನುಗ್ಗಿಸಿದರೆ ಸಾರ್ಬಿಟಾಲ್ ಸಿದ್ಧ. ನಿಕಲ್ ತಾನು ಕರಗಿಹೋಗದೆ ಕೆಲಸ ಮಾಡಿಸುತ್ತದೆ. ಸೋಸಿ ತೆಗೆದು ಮತ್ತೆ ಬಳಸಬಹುದು. ಲೋಹದ ಪುಡಿಯಿಂದ ಹೈಡ್ರೋಜನ್ ಕೂಡಿಸುವ ಈ ವಿದ್ಯೆಗೇ ಫ್ರಾನ್ಸಿನ ಪಾಲ್ ಸಬಾಟಿಯೆಗೆ 1912ರಲ್ಲಿ ನೊಬೆಲ್ ಸಿಕ್ಕಿತು. ಸಾರ್ಬಿಟಾಲ್‌ನ ಸಿಹಿ ಸಕ್ಕರೆಯ ಸುಮಾರು ಶೇ. 60, ಗ್ರಾಮಿಗೆ 4ರ ಬದಲು 2.6 ಕ್ಯಾಲೊರಿ. ಮಿತಿ ಮೀರಿದರೆ ಹೊಟ್ಟೆಯುಬ್ಬರ, ಭೇದಿ. ಶುಗರ್ ಫ್ರೀ ಎಂದರೆ ಕ್ಯಾಲೊರಿ ಫ್ರೀ ಅಲ್ಲ. ಸಕ್ಕರೆ ಕಾಯಿಲೆಯವರು ಲೇಬಲ್ ಓದಿಯೇ ಕೊಳ್ಳಲಿ.