ಕತ್ತರಿಯ ಕೆಳಗೆ ಪ್ರೇಕ್ಷಕ

‘ಆ ಪಿಚ್ಚರ್ ಭಾಳ ಸ್ಲೋ ಅದ ಅಂತರೀ ಸರ’ ಎಂದು ನನ್ನ ವಿದ್ಯಾರ್ಥಿಯೊಬ್ಬ ಹೇಳಿದ. ಮಾತು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ಬಗೆಗೆ ನಡೆದಿತ್ತು. ‘ನೀ ನೋಡೀಯೇನು?’ ಎಂದೆ. ‘ಇಲ್ರೀ, ಹಂಗ ಅಂತಾರ್ರೀ’ ಎಂದ. ಯಾರು ಅನ್ನುತ್ತಾರೆ ಎಂಬದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಅದೇ ಹುಡುಗ, ತೆರೆಕಾಣಲು ಇನ್ನೂ ಎರಡು ತಿಂಗಳು ಬಾಕಿಯಿದ್ದ ಮತ್ತೊಂದು ಚಿತ್ರ ‘ಪಕ್ಕಾ ಹಿಟ್’ ಎಂದು ಅಷ್ಟೇ ಖಾತ್ರಿಯಿಂದ ನುಡಿದ. ನೋಡಬಹುದಾಗಿದ್ದೂ ನೋಡದ ಚಿತ್ರ ಬೇಸರದ್ದು. ನೋಡಲು ಯಾರಿಗೂ ಸಾಧ್ಯವೇ ಇಲ್ಲದ ಚಿತ್ರ ಅದ್ಭುತವಾದದ್ದು! ಹುಡುಗ ದಡ್ಡನಲ್ಲ. ಕುಮಾರವ್ಯಾಸನ ಷಟ್ಪದಿಯೊಂದನ್ನು ಬಿಡಿಸಿ ಹೇಳೆಂದರೆ ಅನ್ವಯ ತಪ್ಪುವದಿಲ್ಲ. ಹಾಗಾದರೆ ಈ ಎರಡು ತೀರ್ಪುಗಳನ್ನು ಅವನ ಬಾಯಲ್ಲಿ ಇಟ್ಟವರು ಯಾರು?

ಚಿತ್ರೋದ್ಯಮದವರನ್ನು ಕೇಳಿದರೆ ಒಂದೇ ಮಾತು: ‘ಜನ ಏನು ಕೇಳುತ್ತಾರೋ ಅದನ್ನು ಕೊಡುತ್ತೇವೆ.’ ನಮ್ಮ ಸಾಹಿತ್ಯದ ಮಂದಿಯನ್ನು ಕೇಳಿದರೆ, ‘ಜನರ ಅಭಿರುಚಿಯೇ ಕೆಟ್ಟಿದೆ, ಯಾರೇನು ಮಾಡಲು ಬರುತ್ತದೆ?’ ಎಂಬ ನಿಟ್ಟುಸಿರು. ಇವರಿಬ್ಬರೂ ಒಬ್ಬರನ್ನೊಬ್ಬರು ಬಯ್ದುಕೊಳ್ಳುತ್ತಾರೆ. ಆದರೆ ಇಬ್ಬರೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ಜನರ ಅಭಿರುಚಿಯೆಂಬದು ತಾನಾಗಿಯೇ ಹುಟ್ಟಿ ಬೆಳೆದು ಟಿಕೇಟಿನ ಕಿಟಕಿಗೆ ಬಂದು ನಿಲ್ಲುತ್ತದೆಂದು ಇಬ್ಬರೂ ನಂಬಿದ್ದಾರೆ, ಅಥವಾ ನಂಬಿದಂತೆ ನಟಿಸುತ್ತಾರೆ. ನನ್ನ ತಕರಾರು ಇರುವದು ಇಲ್ಲಿಯೇ. ಈ ಅಭಿರುಚಿಯನ್ನು ಅಳತೆ ಹಿಡಿದು ಕತ್ತರಿಸುವವರು ಬೇರೆ ಇದ್ದಾರೆ. ಹೊಲಿದಾದ ಮೇಲೆ ‘ಇದು ನೀನೇ ಹೇಳಿ ಹೊಲಿಸಿಕೊಂಡ ಅಂಗಿ’ ಎಂದು ನಮಗೆ ತೊಡಿಸಿ ಕಳಿಸುತ್ತಾರೆ.

ಕನ್ನಡ ಮಾಸ್ತರನಿಗೆ ಸಿನೇಮಾದ ಕತ್ತರಿಯ ಗೊಡವೆ ಏಕೆಂದು ಕೇಳುವವರುಂಟು. ಆದರೆ ಸಂಕಲನವೆಂಬದು ನಾವು ವರ್ಷವರ್ಷವೂ ಕಲಿಸುವ ಸಂಧಿಪ್ರಕರಣವೇ. ಅಲ್ಲಿಯೂ ಲೋಪವುಂಟು, ಆಗಮವುಂಟು, ಆದೇಶವುಂಟು. ‘ಮಳೆ’ಯೂ ‘ಕಾಲ’ವೂ ಕೂಡಿ ‘ಮಳೆಗಾಲ’ವಾದಾಗ ಕಕಾರ ಹೋಗಿ ಗಕಾರ ಬಂದದ್ದು ಆಡುವವನಿಗೂ ಕೇಳುವವನಿಗೂ ಗೊತ್ತಾಗುವದಿಲ್ಲ, ಗೊತ್ತಾಗದಿರುವದೇ ಸಂಧಿಯ ಯಶಸ್ಸು. ಸುಮಾರು 1920ರ ಹೊತ್ತಿಗೆ ರಶಿಯಾದ ಲೆವ್ ಕುಲೆಶೋವ್ ಇದನ್ನೇ ಚಿತ್ರದಲ್ಲಿ ಮಾಡಿ ತೋರಿಸಿದ. ಅವನ ಜೊತೆಗಾರ ಪುಡೋವ್ಕಿನ್ ಬರೆದಿಟ್ಟಂತೆ, ಮೊಜ್ಜುಖಿನ್ ಎಂಬ ನಟನ ನಿರ್ವಿಕಾರವಾದ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕಕ್ಕೆ, ಒಮ್ಮೆ ಶವಪೆಟ್ಟಿಗೆಯಲ್ಲಿಯ ಹೆಂಗಸಿನ ಪಕ್ಕಕ್ಕೆ, ಒಮ್ಮೆ ಆಟವಾಡುವ ಹುಡುಗಿಯ ಪಕ್ಕಕ್ಕೆ ಜೋಡಿಸಲಾಯಿತು. ನೋಡಿದವರು ಆಹಾ, ಎಂಥ ಹಸಿವು, ಎಂಥ ದುಃಖ, ಎಂಥ ವಾತ್ಸಲ್ಯ ಎಂದು ನಟನನ್ನು ಕೊಂಡಾಡಿದರಂತೆ. ಮುಖ ಅದೇ, ನೆರೆಹೊರೆ ಬೇರೆ.

ಇದನ್ನು ಮೋಸವೆಂದು ನಾನು ಕರೆಯುವದಿಲ್ಲ. ಸಂಕಲನವಿಲ್ಲದೆ ಸಿನೇಮಾ ಇಲ್ಲ, ಸಂಧಿಯಿಲ್ಲದೆ ಮಾತಿಲ್ಲ. 1977ರ ‘ಘಟಶ್ರಾದ್ಧ’ದಲ್ಲಿ ವಿಧವೆ ಯಮುನಕ್ಕನ ಸಂಕಟವೆಲ್ಲ ನಮಗೆ ತಲಪುವದು ಬಹುಮಟ್ಟಿಗೆ ಪಾಠಶಾಲೆಯ ಚಿಕ್ಕ ಹುಡುಗ ನಾಣಿಯ ಕಣ್ಣಿನ ದಾರಿಯಿಂದ. ಹುಡುಗನ ನೋಟ, ಆಮೇಲೆ ಅವನು ಕಂಡದ್ದು, ಮತ್ತೆ ಹುಡುಗ: ಈ ಜೋಡಣೆಯೇ ನಮ್ಮ ಕರುಣೆಯನ್ನು ಹುಟ್ಟಿಸುತ್ತದೆ. ಆದರೆ ಅಲ್ಲಿ ಎರಡು ನೋಟಗಳ ನಡುವೆ ನಮಗಾಗಿ ಬಿಟ್ಟ ಜಾಗವಿದೆ. ಅನುಮಾನಪಡಲು, ಹೇಸಲು, ನಾಚಲು ವೇಳೆಯಿದೆ. ಆ ವೇಳೆಗೇ ಈಗ ‘ಸ್ಲೋ’ ಎಂದು ಹೆಸರಿಟ್ಟಿದ್ದಾರೆ. ಆ ವರ್ಷದ ಸ್ವರ್ಣಕಮಲ ಪಡೆದ ಈ ಚಿತ್ರ, 2024ರಲ್ಲಿ ಹಳೆಯ ಪ್ರತಿಯನ್ನು ಶುದ್ಧಗೊಳಿಸಿದ ಮೇಲೆ, ವೆನಿಸ್ ಚಿತ್ರೋತ್ಸವದ ಶ್ರೇಷ್ಠ ಹಳೆಯ ಚಿತ್ರಗಳ ವಿಭಾಗದಲ್ಲಿ ಪ್ರದರ್ಶನ ಕಂಡಿತು. ವೆನಿಸಿನವರಿಗೆ ವೇಳೆಯಿತ್ತು, ಗದಗಿನ ಹುಡುಗನಿಗೆ ಇಲ್ಲವೆಂದು ಯಾರೋ ಅವನ ಪರವಾಗಿ ನಿರ್ಧರಿಸಿಬಿಟ್ಟಿದ್ದಾರೆ.

ನಾನು ಹುಟ್ಟಿ ಬೆಳೆದದ್ದು ಗದಗಿಗೆ ಸಮೀಪದ ಹರ್ತಿಯಲ್ಲಿ. ಜಾತ್ರೆಯೆಂದರೆ ನಾಟಕ, ನಾಟಕವೆಂದರೆ ಗದಗಿನಿಂದ ಬಾಡಿಗೆಗೆ ಬಂದ ಸೀನ್ಸು, ಬಾಡಿಗೆಗೆ ಬಂದ ನಟಿ, ಊರ ಹುಡುಗರ ಉಳಿದ ಪಾತ್ರಗಳು. ನಮ್ಮ ಸೀಮೆಗೆ ನಾಟಕ ಹೊಸದಲ್ಲ. 1870ರ ದಶಕದಲ್ಲಿಯೇ ಶಾಂತಕವಿ ಸಕ್ಕರಿ ಬಾಳಾಚಾರ್ಯರು ಗದಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದ್ದರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯೂ ಗದಗಿನದೇ. ಆ ಪರಂಪರೆಯ ಬಾಲ ಹಿಡಿದು ನಮ್ಮೂರ ನಾಟಕಗಳೂ ನಡೆಯುತ್ತಿದ್ದವು. ನಾಯಕ ಸಾಯುತ್ತಿರುವಾಗಲೇ ಯಾರೋ ಗೌಡರು ನಟಿಗೆ ಹತ್ತು ರೂಪಾಯಿ ಆಯೇರು ಮಾಡಿದ್ದನ್ನು ಮೈಕಿನಲ್ಲಿ ಕೂಗಬೇಕು. ಸಾಯುವವನು ಅಷ್ಟು ಹೊತ್ತು ತಡೆದುಕೊಂಡಿರಬೇಕು. ಹಾಡು ಚೆನ್ನಾಗಿದ್ದರೆ ‘ವನ್ಸ್ ಮೋರ್’ ಎಂಬ ಕೂಗು. ಸತ್ತವನೂ ಎದ್ದು ಹಾಡಿ ಮತ್ತೆ ಸತ್ತದ್ದನ್ನು ನಾನು ಕಂಡಿದ್ದೇನೆ. ಬೇಸರವಾದರೆ ಶಿಳ್ಳೆ, ಪಾತ್ರಧಾರಿ ತಾನೇ ಮಾತು ಕಡಿಮೆ ಮಾಡಿ ಒಳಗೆ ಹೋಗುತ್ತಿದ್ದ.

ಇದನ್ನು ಕಲೆಯ ಪರಾಕಾಷ್ಠೆಯೆಂದು ನಾನು ಹೇಳುತ್ತಿಲ್ಲ. ರಸಭಂಗಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು: ಅಲ್ಲಿ ಕತ್ತರಿ ಪ್ರೇಕ್ಷಕನ ಕೈಯಲ್ಲಿತ್ತು. ಬೆಳೆಸುವದು, ಮೊಟಕುಗೊಳಿಸುವದು ಅವನ ಹಕ್ಕಾಗಿತ್ತು. ಸಿನೇಮಾ ಬಂದು ಆ ಹಕ್ಕು ಹೋಯಿತು. ಪ್ರತಿಯಾಗಿ ಅವನಿಗೆ ಉಳಿದದ್ದು ನೋಡಿದ ಮೇಲೆ ಒಪ್ಪುವ ಅಥವಾ ಒಪ್ಪದಿರುವ ಸ್ವಾತಂತ್ರ್ಯ. ಈಗ ಅದಕ್ಕೂ ಕತ್ತರಿ ಬಿದ್ದಿದೆ.

ಪ್ರಚಾರ ಹಿಂದೆ ಇರಲಿಲ್ಲವೆ? ಧಾರಾಳವಾಗಿ ಇತ್ತು. ಕಂಪನಿಯವರು ‘ಇಂದೇ ಕಡೆಯ ಆಟ’ ಎಂದು ಹ್ಯಾಂಡ್‌ಬಿಲ್ಲು ಹಂಚಿ ಮತ್ತೆ ತಿಂಗಳುಗಟ್ಟಲೆ ಅದೇ ಕಡೆಯ ಆಟ ಆಡುತ್ತಿದ್ದರು. ಆ ಸುಳ್ಳು ಸುಳ್ಳೆಂದು ಊರಿಗೆಲ್ಲ ಗೊತ್ತಿತ್ತು. ಅದು ಜನರನ್ನು ತಂಬುವಿನ ಬಾಗಿಲವರೆಗೆ ಕರೆತರುತ್ತಿತ್ತು. ಒಳಗೆ ಯಾವಾಗ ನಗಬೇಕು, ಯಾವಾಗ ಅಳಬೇಕು ಎಂದು ಮುಂಚಿತವಾಗಿ ಹೇಳಿಕೊಡುತ್ತಿರಲಿಲ್ಲ. ಇಂದಿನ ಟೀಸರು ಮತ್ತು ಟ್ರೈಲರು ಮಾಡುತ್ತಿರುವದು ಹೇಳಿಕೊಡುವ ಕೆಲಸವನ್ನು.

‘ಕೆ.ಜಿ.ಎಫ್. ಚಾಪ್ಟರ್ 2’ರ ಉದಾಹರಣೆಯನ್ನು ನೋಡಿರಿ. ಎರಡು ನಿಮಿಷ ಚಿಲ್ಲರೆಯ ಅದರ ಟೀಸರು ಯೂಟ್ಯೂಬಿಗೆ ಬಂದದ್ದು 2021ರ ಜನೇವರಿಯಲ್ಲಿ. ಎರಡೇ ದಿನಗಳಲ್ಲಿ ಹತ್ತು ಕೋಟಿ ವೀಕ್ಷಣೆಯ ಲೆಕ್ಕ ದಾಟಿತು. ಚಿತ್ರ ತೆರೆಕಂಡದ್ದು 2022ರ ಎಪ್ರಿಲ್ 14ರಂದು. ಕೋವಿಡ್ಡಿನ ಕಾರಣ ಬಿಡುಗಡೆ ಮುಂದೆ ಹೋದದ್ದು ನಿಜ. ಆದರೆ ಆ ಹದಿನೈದು ತಿಂಗಳು ಜನ ಆ ಎರಡು ನಿಮಿಷಗಳನ್ನು ಜಪದಂತೆ ತಿರುತಿರುಗಿ ನೋಡಿದರು. ಚಿತ್ರಮಂದಿರದಲ್ಲಿ ಆ ತುಣುಕು ಬಂದಾಗ ಶಿಳ್ಳೆ ಬಿದ್ದದ್ದು ಆಶ್ಚರ್ಯಕ್ಕಲ್ಲ, ಗುರುತಿಗೆ. ಆ ಚಿತ್ರದ ಸಂಕಲನಕಾರ ಉಜ್ವಲ ಕುಲಕರ್ಣಿ ಕಲಬುರ್ಗಿಯ ಕಡೆಯ ತರುಣ. ಹರೆಯ ಮೂಡುವ ವಯಸ್ಸಿನಲ್ಲಿ ಯೂಟ್ಯೂಬಿಗಾಗಿ ಅಭಿಮಾನಿಗಳ ತುಣುಕುಗಳನ್ನು ಜೋಡಿಸುತ್ತಿದ್ದವನನ್ನು ಗುರುತಿಸಿ ಇಷ್ಟು ದೊಡ್ಡ ಕೆಲಸ ಕೊಟ್ಟರು. ನಮ್ಮ ಕಡೆಯ ಹುಡುಗನ ಕೈಚಳಕಕ್ಕೆ ನಾನೂ ತಲೆದೂಗಿದವನೇ. ಆದರೆ ಆ ಆಯ್ಕೆಯಲ್ಲಿ ಕಾಲದ ಒಂದು ಸೂಚನೆಯಿದೆ. ಮೊದಲು ಚಿತ್ರದಿಂದ ಟ್ರೈಲರನ್ನು ಕತ್ತರಿಸುತ್ತಿದ್ದರು; ಈಗ ಇಡೀ ಚಿತ್ರವನ್ನೇ ಟ್ರೈಲರಿನ ಉಸಿರಿನಲ್ಲಿ ಕತ್ತರಿಸುತ್ತಾರೆ. ಒಂದು ಮಾತು, ಕತ್ತಲೆ, ಒಂದು ಏಟು, ಕತ್ತಲೆ, ಮತ್ತೆ ಒಂದು ಮಾತು. ಮೂರು ತಾಸು ಹತ್ತಿರದ ಚಿತ್ರ ಇದೇ ಓಟದಲ್ಲಿ ಓಡಿದರೆ ಪ್ರೇಕ್ಷಕನಿಗೆ ಒಪ್ಪಲು ಮಾತ್ರ ವೇಳೆ ಸಿಗುತ್ತದೆ, ಯೋಚಿಸಲು ಸಿಗುವದಿಲ್ಲ. ತಾಯಿಯ ಮೇಲಿನ ಮಮತೆ, ಗುಲಾಮರ ಬವಣೆ ಎಲ್ಲವೂ ನಾಯಕ ನಡೆದುಬರುವ ಮೊದಲಿನ ಡೋಲಿನ ಸದ್ದಾಗಿಬಿಡುತ್ತವೆ.

ಇನ್ನು ಪ್ರೇಕ್ಷಕನ ಬುದ್ಧಿಯನ್ನೇ ಸರಕು ಮಾಡುವ ಜಾಣತನವೊಂದಿದೆ. ಉಪೇಂದ್ರರ ‘ಎ’ 1998ರಲ್ಲಿ ‘ಬುದ್ಧಿವಂತರಿಗೆ ಮಾತ್ರ’ ಎಂಬ ಘೋಷಣೆಯೊಂದಿಗೆ ಬಂತು. ಕತೆಯನ್ನು ಹಿಂದುಮುಂದಾಗಿ ಹೆಣೆದ ಆ ಚಿತ್ರದ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಆದರೆ ಘೋಷಣೆ ಮಾಡಿದ ಕೆಲಸವೇನು? ತಿಳಿಯಲಿಲ್ಲವೆಂದು ಹೇಳುವ ಧೈರ್ಯ ಯಾರಿಗೂ ಉಳಿಯಲಿಲ್ಲ! ಅವರದೇ ‘ಯುಐ’ 2024ರ ಡಿಸೆಂಬರಿನಲ್ಲಿ ಬಂದಾಗ, ಬುದ್ಧಿವಂತರಾಗಿದ್ದರೆ ಈಗಲೇ ಎದ್ದು ಹೋಗಿರಿ ಎಂಬರ್ಥದ ಬರಹವೇ ತೆರೆಯ ಮೇಲೆ ಮೊದಲು ಮೂಡಿತು. ತಮಾಷೆಯೇ ಸರಿ. ಆದರೆ ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಈ ನಾಡಿನ ಜನ ಓದದೆಯೂ ಕಾವ್ಯದ ಮರ್ಮ ಬಲ್ಲವರೆಂದು ಹೇಳಿತ್ತು; ತಿರುಳ್ಗನ್ನಡದ ಸೀಮೆಯೆಂದು ಅದು ಹೆಸರಿಸಿದ ಊರುಗಳಲ್ಲಿ ಒಂದಾದ ಪುಲಿಗೆರೆ ನಮ್ಮ ಪಕ್ಕದ ಲಕ್ಷ್ಮೇಶ್ವರವೇ. ಅಂಥ ಜನಕ್ಕೆ ಟಿಕೇಟಿನ ಜೊತೆಗೆ ಬುದ್ಧಿಯ ಸರ್ಟಿಫಿಕೇಟನ್ನೂ ಮಾರುವ ಕಾಲ ಬಂತು.

‘ಕಾಂತಾರ’ದ ವಿಷಯ ಇಷ್ಟು ಹಗುರಲ್ಲ. 2022ರ ಆ ಚಿತ್ರದ ಕೊನೆಯ ಭಾಗದಲ್ಲಿ ದೈವದ ಕೂಗು, ಮೌನ, ಮತ್ತೆ ಕೂಗು, ಇವುಗಳ ಜೋಡಣೆ ನನ್ನಂಥ ಒಣ ಮನುಷ್ಯನ ಮೈಯಲ್ಲಿಯೂ ಮುಳ್ಳೆಬ್ಬಿಸಿತು. ಒಳ್ಳೆಯ ಸಂಕಲನಕ್ಕಿರುವ ಶಕ್ತಿ ಅದು. ಮುಂದೆ ನಡೆದದ್ದನ್ನು ನೋಡಿರಿ. 2025ರ ಅಕ್ಟೋಬರ್ 2ರಂದು ‘ಕಾಂತಾರ ಚಾಪ್ಟರ್ 1’ ಬರುವ ಮೊದಲು, ಚಿತ್ರ ನೋಡುವವರು ಮಾಂಸ ಮದ್ಯ ಬಿಟ್ಟು ವ್ರತದಿಂದ ಇರಬೇಕೆಂಬ ಪೋಸ್ಟರೊಂದು ಹರಿದಾಡಿತು. ಅದು ನಮ್ಮದಲ್ಲ, ನಕಲಿ ಎಂದು ರಿಷಬ್ ಶೆಟ್ಟಿಯವರು ಸ್ಪಷ್ಟಪಡಿಸಬೇಕಾಯಿತು. ಬಿಡುಗಡೆಯಾದ ಮೇಲೆ ಕೆಲವರು ದೈವದ ವೇಷ ತೊಟ್ಟು ಚಿತ್ರಮಂದಿರಗಳಲ್ಲಿ ಕುಣಿದರು; ಹಾಗೆ ಅನುಕರಿಸಬೇಡಿರೆಂದು ಹೊಂಬಾಳೆ ಸಂಸ್ಥೆಯೇ ಮನವಿ ಮಾಡಿಕೊಂಡಿತು. ಮನವಿ ಪ್ರಾಮಾಣಿಕವೇ ಇದ್ದೀತು. ಆದರೂ ಕೇಳಬೇಕಾದ ಪ್ರಶ್ನೆ ಉಳಿಯುತ್ತದೆ. ಟಿಕೇಟು ಕೊಂಡವನು ಭಕ್ತನೂ ಆಗಬೇಕೆಂಬ ನಕಲಿ ಪೋಸ್ಟರನ್ನು ಅಷ್ಟು ಜನ ಹೇಗೆ ನಂಬಿದರು? ನಂಬುವಂಥ ಹವೆ ಮೊದಲೇ ಸಿದ್ಧವಾಗಿತ್ತು. ಭೂತದ ಕೋಲ ತುಳುನಾಡಿನಲ್ಲಿ ಒಂದು ನೆಲ, ಒಂದು ಮನೆತನ, ಒಂದು ರಾತ್ರಿಗೆ ಕಟ್ಟಿಕೊಂಡದ್ದು. ಅದನ್ನು ಕತ್ತರಿಸಿ ಮೊಬೈಲಿನ ಅರ್ಧ ನಿಮಿಷಕ್ಕೆ ಇಳಿಸಿದ ಮೇಲೆ, ಯಾರು ಎಲ್ಲಿ ಬೇಕಾದರೂ ಕುಣಿಯಬಹುದೆಂದು ಜನ ತಿಳಿದುಕೊಂಡರೆ ತಪ್ಪು ಕೇವಲ ಕುಣಿದವರದೆ?

ಎಲ್ಲಕ್ಕಿಂತ ನನ್ನನ್ನು ಚುಚ್ಚಿದ್ದು 2025ರ ಡಿಸೆಂಬರಿನ ಸಂಗತಿ. ‘ದಿ ಡೆವಿಲ್’ ಚಿತ್ರ ಬಿಡುಗಡೆಯಾದಾಗ, ಟಿಕೇಟು ಮಾರುವ ಬುಕ್‌ಮೈಶೋ ತಾಣದಲ್ಲಿ ಆ ಚಿತ್ರಕ್ಕೆ ಅಂಕ ಕೊಡುವ, ಅಭಿಪ್ರಾಯ ಬರೆಯುವ ಸೌಲಭ್ಯವನ್ನೇ ನ್ಯಾಯಾಲಯದ ಆದೇಶದಂತೆ ನಿಲ್ಲಿಸಲಾಯಿತು. ದುಡ್ಡು ಕೊಟ್ಟು ಸುಳ್ಳು ನಿಂದೆ ಬರೆಸುವವರಿದ್ದಾರೆ ಎಂಬ ನಿರ್ಮಾಪಕರ ದೂರು ಪೂರ್ತಿ ಕಟ್ಟುಕತೆಯಲ್ಲ. ಒಬ್ಬ ನಟನ ಅಭಿಮಾನಿಗಳು ಇನ್ನೊಬ್ಬನ ಚಿತ್ರಕ್ಕೆ ಮಣ್ಣು ಎರಚುವದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ದುಡ್ಡು ಕೊಟ್ಟು ಬರೆಸಿದ ಹೊಗಳಿಕೆಗೆ ತಡೆ ಕೋರಿ ಯಾವ ನಿರ್ಮಾಪಕನಾದರೂ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದನ್ನು ನಾನು ಕೇಳಿಲ್ಲ. ನಿಂದೆಯನ್ನು ತೆಗೆದು ಸ್ತುತಿಯನ್ನು ಉಳಿಸುವದೂ ಸಂಕಲನವೇ. ಕತ್ತರಿ ಚಿತ್ರವನ್ನು ದಾಟಿ ಪ್ರೇಕ್ಷಕನ ನಾಲಿಗೆಗೆ ಬಂತೆಂದರೆ, ನಮ್ಮೂರ ತಂಬುವಿನ ಶಿಳ್ಳೆಯನ್ನೂ ಕಿತ್ತುಕೊಂಡಂತಾಯಿತು.

‘ಹಾಗಾದರೆ ಸಣ್ಣ ಚಿತ್ರಗಳು ಗೆದ್ದದ್ದು ಹೇಗೆ?’ ಎಂದು ಕೇಳುವವರಿಗೆ ನಾನೇ ಹೆಸರು ಹೇಳುತ್ತೇನೆ. 2006ರ ಡಿಸೆಂಬರ್ ಕೊನೆಗೆ ಬಂದ ‘ಮುಂಗಾರು ಮಳೆ’ ಬಾಯಿಂದ ಬಾಯಿಗೆ ಹಬ್ಬಿ ಬೆಂಗಳೂರಿನಲ್ಲಿ ವರ್ಷ ದಾಟಿ ಓಡಿತು. 2025ರ ಜುಲೈಯಲ್ಲಿ ಜೆ.ಪಿ. ತುಮಿನಾಡರ ‘ಸು ಫ್ರಮ್ ಸೋ’ ದೊಡ್ಡ ತಾರೆಗಳ ಹಂಗಿಲ್ಲದೆ ಮನೆಮಂದಿಯನ್ನೆಲ್ಲ ಚಿತ್ರಮಂದಿರಕ್ಕೆ ಎಳೆತಂದಿತು. ಬಿಡುಗಡೆಗೆ ಮುನ್ನವೇ ಕೆಲವು ಊರುಗಳಲ್ಲಿ ತೋರಿಸಿ, ನೋಡಿದವರ ಮಾತನ್ನು ನೆಚ್ಚಿಕೊಂಡದ್ದು ಆ ತಂಡದ ಪ್ರಚಾರ. ಅದೂ ವ್ಯಾಪಾರವೇ, ಆದರೆ ನೋಡಿದವನ ಮಾತನ್ನು ನೆಚ್ಚುವ ವ್ಯಾಪಾರಕ್ಕೂ ನೋಡದವನ ಬಾಯಲ್ಲಿ ಮಾತು ತುರುಕುವ ವ್ಯಾಪಾರಕ್ಕೂ ಭೇದವಿಲ್ಲವೆ? ಜನಕ್ಕೆ ಸ್ವಂತ ನಾಲಿಗೆಯಿದೆ ಎಂಬದಕ್ಕೆ ಈ ಚಿತ್ರಗಳೇ ಸಾಕ್ಷಿ. ‘ಜನ ಕೇಳಿದ್ದನ್ನೇ ಕೊಡುತ್ತೇವೆ’ ಎಂಬುವವರು ಜನ ಇವನ್ನು ಯಾವಾಗ ಕೇಳಿದ್ದರು ಎಂದು ಹೇಳಲಿ.

ಪತ್ರಿಕೆಗಳೂ, ಈ ಪುರವಣಿಯೂ ಸೇರಿ, ತಮ್ಮ ಪಾಲಿನ ಲೆಕ್ಕ ಒಪ್ಪಿಸಬೇಕು. ನಾಯಕನ ಹುಟ್ಟುಹಬ್ಬಕ್ಕೆ ಬಿಟ್ಟ ಪೋಸ್ಟರು ಸುದ್ದಿಯಾಗುತ್ತದೆ. ಟೀಸರಿನ ವೀಕ್ಷಣೆಯ ಲೆಕ್ಕ ಸುದ್ದಿಯಾಗುತ್ತದೆ. ಮೊದಲ ದಿನದ ಗಳಿಕೆ ದೊಡ್ಡ ಸುದ್ದಿಯಾಗುತ್ತದೆ. ಚಿತ್ರ ಹೇಗಿದೆಯೆಂಬದಕ್ಕೆ ಉಳಿಯುವದು ಮೂಲೆಯ ನಾಲ್ಕು ಅಂಗುಲ. ನಾವು ಅಧ್ಯಾಪಕರೂ ತಪ್ಪಿತಸ್ಥರೇ. ಅಲಂಕಾರ, ಛಂದಸ್ಸುಗಳನ್ನು ಅರೆದು ಕುಡಿಸುತ್ತೇವೆ. ದಿನಕ್ಕೆ ನೂರು ಸಲ ಹುಡುಗರ ಕಣ್ಣಿನ ಮುಂದೆ ಹಾಯುವ ಕತ್ತರಿಯ ವ್ಯಾಕರಣವನ್ನು ಒಂದು ತಾಸೂ ಕಲಿಸುವದಿಲ್ಲ.

ಆ ಹುಡುಗನ ಮಾತಿನ ಮೇಲೆ ನಾವು ಒಂದು ಶನಿವಾರ ತರಗತಿಯಲ್ಲಿಯೇ ‘ಘಟಶ್ರಾದ್ಧ’ ಹಾಕಿದೆವು. ಅರ್ಧಕ್ಕೆ ಆರೇಳು ಜನ ಎದ್ದು ಹೋದರು, ತಡೆಯಲಿಲ್ಲ. ‘ಸ್ಲೋ’ ಎಂದವನು ಕುಳಿತಿದ್ದ. ಕೊನೆಯಲ್ಲಿ, ತಲೆ ಬೋಳಿಸಿದ ಯಮುನಕ್ಕ ಒಬ್ಬಳೇ ಕುಳಿತದ್ದನ್ನು ನಾಣಿ ನೋಡುತ್ತಾನಲ್ಲ, ಅದಾದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವನೇ ಕೇಳಿದ: ‘ಸರ, ಆ ಹುಡುಗನ್ನ ತೋರಸಲಾರದ ಬರೇ ಆಕಿನ್ನಷ್ಟ ತೋರಿಸಿದ್ರ ಏನಾಗ್ತಿತ್ತರೀ?’ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ ‘ಇನ್ನೊಮ್ಮೆ ಹಾಕ್ರೀ ಸರ, ಅದಷ್ಟ’ ಎಂದರು. ಹಾಕಿದೆ.