ಮನೆಯ ಮೂಲ, ದೂರದ ಪ್ರತಿ



ಹಿರಿಯರ ಚರಿತ್ರೆಯನ್ನೋ, ಮನೆತನದಲ್ಲಿ ಉಳಿದುಬಂದ ಹಾಡು ವಚನಗಳ ಸಂಗ್ರಹವನ್ನೋ ಸ್ವಂತ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಬಯಸುವ ಭಕ್ತರು ಆಗಾಗ ನಮ್ಮಲ್ಲಿಗೆ ಬಂದು ಸಲಹೆ ಕೇಳುತ್ತಾರೆ. ಅವರ ಬಯಕೆ ಸ್ತುತ್ಯವಾದುದು. ತಿಳಿದುದನ್ನು ಹತ್ತು ಜನರಿಗೆ ಹಂಚುವುದೂ ದಾಸೋಹವೇ ಸರಿ. ಆದರೆ ಈ ಕಾಯಕದಲ್ಲಿ ನಾವು ಒಮ್ಮೆ ಎಡವಿ ಬಿದ್ದವರು. ಆ ನೋವು ಅನ್ಯರಿಗೆ ಬಾರದಿರಲೆಂದು ಈ ತಿಂಗಳ ಮಾತನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಜಾಲತಾಣವೆಂದರೆ ಮೂಲತಃ ಕೆಲವು ಕಡತಗಳ ಕಟ್ಟು. ಅದನ್ನು ಮನೆಯ ಗಣಕಯಂತ್ರದಲ್ಲಿ ಸಿದ್ಧಪಡಿಸಿ, ಹಗಲಿರುಳು ಎಚ್ಚರವಾಗಿರುವ ದೂರದ ಇನ್ನೊಂದು ಯಂತ್ರಕ್ಕೆ ಅದರ ಪ್ರತಿಯನ್ನು ಕಳುಹಿಸುತ್ತೇವೆ. ಆ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಲೋಕವು ಓದುವುದು ಅಲ್ಲಿರುವ ಪ್ರತಿಯನ್ನು. ಹೀಗೆ ಕಡತಗಳನ್ನು ಸಾಗಿಸುವ ಎಫ್‌ಟಿಪಿ ಎಂಬ ನಿಯಮಾವಳಿಯನ್ನು 1971ರಲ್ಲಿ ಮೊದಲು ಬರೆದವರು, ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ ಅಮೆರಿಕದ ಎಂ.ಐ.ಟಿ.ಗೆ ಹೋಗಿದ್ದ ನಮ್ಮ ದೇಶದ ಅಭಯ ಭೂಷಣರೆಂಬುದು ಅಭಿಮಾನದ ಸಂಗತಿ. ಮುಂದೆ 1995ರಲ್ಲಿ ಬಂದ ಫ್ರಂಟ್‌ಪೇಜ್, 1997ರಲ್ಲಿ ಬಂದ ಡ್ರೀಮ್‌ವೀವರ್ ಮುಂತಾದ ತಂತ್ರಾಂಶಗಳು, ಸಂಕೇತಭಾಷೆಯನ್ನು ಅರಿಯದವರೂ ಪುಟಗಳನ್ನು ಕಟ್ಟಿ, ಗುಂಡಿಯೊಂದನ್ನು ಒತ್ತಿ ದೂರಕ್ಕೆ ಕಳುಹಿಸುವ ಅನುಕೂಲವನ್ನು ಒದಗಿಸಿದವು.

ನಮಗೆ ತಾಳೆಗರಿಯ ಓದನ್ನು ಕಲಿಸಿದ ಗುರುಗಳು ಲಿಂಗೈಕ್ಯರಾದ ಮೇಲೆ ಅವರ ವಚನ ಟಿಪ್ಪಣಿಗಳು ನಮ್ಮ ಪಾಲಿಗೆ ಬಂದವು. 2004ರಲ್ಲಿ ಶಿಷ್ಯನೊಬ್ಬನ ನೆರವಿನಿಂದ ಅವನ್ನು ನಲವತ್ತು ಪುಟಗಳ ಜಾಲತಾಣವಾಗಿಸಿದೆವು. ಓದಿದವರು ಪಾಠದೋಷಗಳನ್ನು ತಿಳಿಸಿದರು. ತಮ್ಮ ಮನೆಯ ಹಸ್ತಪ್ರತಿಗಳಲ್ಲಿರುವ ಪಾಠಾಂತರಗಳನ್ನು ಬರೆದು ಕಳಿಸಿದರು. ಪ್ರವಾಸದಲ್ಲಿದ್ದಾಗಲೆಲ್ಲ ನಾವು ದೂರದ ಸರ್ವರಿನಲ್ಲಿದ್ದ ಪುಟಗಳನ್ನೇ ತೆರೆದು ನೇರವಾಗಿ ತಿದ್ದಿದೆವು. ಎರಡು ವರ್ಷ ಹೀಗೆ ನಡೆಯಿತು. ಮನೆಯ ಪ್ರತಿ ಹಳೆಯದಾಗಿಯೇ ಉಳಿದಿದೆ ಎಂಬುದು ನಮಗೆ ಮರೆತೇಹೋಗಿತ್ತು.

ಒಂದು ಸಂಜೆ ಮನೆಯಲ್ಲಿ ಚಿತ್ರವೊಂದನ್ನು ಸೇರಿಸಿ, ಇಡೀ ತಾಣವನ್ನು ಮತ್ತೆ ಪ್ರಕಟಿಸಲು ಆಜ್ಞೆಯಿತ್ತೆವು. ದೂರದ ಪುಟಗಳು ಹೊಸವು, ಅವುಗಳ ಮೇಲೆ ಬರೆಯಬೇಕೇ ಎಂದು ತಂತ್ರಾಂಶವು ಕೇಳಿತು. ಆ ಸಾಲನ್ನು ಓದುವ ವ್ಯವಧಾನವಿಲ್ಲದೆ ಎಲ್ಲಕ್ಕೂ ಒಪ್ಪಿಗೆ ಕೊಟ್ಟೆವು. ಕೆಲವೇ ನಿಮಿಷಗಳಲ್ಲಿ ಎರಡು ವರ್ಷಗಳ ತಿದ್ದುಪಡಿ ಅಳಿದುಹೋಯಿತು. ಯಂತ್ರದ ತಪ್ಪೇನೂ ಇರಲಿಲ್ಲ, ಅದು ಎಚ್ಚರಿಸಿತ್ತು. ತಪ್ಪು ನಮ್ಮದು.

ಅಳಿದುದರಲ್ಲಿ ಸ್ವಲ್ಪ ಭಾಗ ಮರಳಿ ದೊರೆಯಿತು. ಅದು ದೊರೆತ ಬಗೆ ನಮಗೆ ಪಾಠವಾಯಿತು. ದೂರದ ಊರಿನ ಭಕ್ತರೊಬ್ಬರು ತಮ್ಮ ವೃದ್ಧ ತಾಯಿಗೆ ಓದಿ ಹೇಳಲೆಂದು ಹನ್ನೊಂದು ಪುಟಗಳನ್ನು ಕಾಗದದಲ್ಲಿ ಮುದ್ರಿಸಿಕೊಂಡು ಪೂಜಾಗೃಹದಲ್ಲಿ ಇರಿಸಿದ್ದರು. ಆ ಹನ್ನೊಂದು ಉಳಿದವು. ಹನ್ನೆರಡನೆಯ ಶತಮಾನದ ವಚನಗಳು ನಮ್ಮವರೆಗೆ ಬಂದುದೂ ಹೀಗೆಯೇ ಅಲ್ಲವೇ? ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚಿಗೆ ತರಲು ಸಾಧ್ಯವಾದದ್ದು, ಅದಕ್ಕೂ ಮೊದಲು ಅದೆಷ್ಟೋ ಅಜ್ಞಾತ ಲಿಪಿಕಾರರು ಪ್ರತಿಮಾಡಿದ್ದ ಕಟ್ಟುಗಳು ಮನೆ ಮಠಗಳಲ್ಲಿ ಉಳಿದಿದ್ದವೆಂಬ ಕಾರಣದಿಂದ.

ದೂರದ ಸರ್ವರು ಬಾಡಿಗೆಯ ಮನೆ. ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ಜಿಯೋಸಿಟೀಸ್ ಸಾಮಾನ್ಯ ಜನರಿಗೆ ಬಿಟ್ಟಿಯಾಗಿ ತಾಣದ ಸ್ಥಳ ನೀಡಿತು. 1999ರಲ್ಲಿ ಯಾಹೂ ಸಂಸ್ಥೆ ಅದನ್ನು ಕೊಂಡಿತು. 2009ರ ಅಕ್ಟೋಬರಿನಲ್ಲಿ ಅಮೆರಿಕದ ಆ ಸೇವೆ ಮುಚ್ಚಿತು. ಮೂಲವನ್ನು ಮನೆಯಲ್ಲಿ ಇಟ್ಟುಕೊಂಡವರು ಬೇರೆಡೆ ತಾಣ ಹೂಡಿದರು. ಹಾಗೆ ಇಟ್ಟುಕೊಳ್ಳದಿದ್ದವರು ಕೆಲವು ಆಸಕ್ತರು ಅವಸರದಲ್ಲಿ ಉಳಿಸಿದ ಪ್ರತಿಗಳನ್ನೇ ನೆಚ್ಚಬೇಕಾಯಿತು.

ಆದುದರಿಂದ ಈ ಕಾರ್ಯಕ್ಕೆ ತೊಡಗುವವರಲ್ಲಿ ನಮ್ಮ ವಿನಂತಿಯಿಷ್ಟು. ತಿದ್ದುವುದನ್ನೆಲ್ಲ ಮನೆಯ ಮೂಲದಲ್ಲಿ ತಿದ್ದಿರಿ. ದೂರಕ್ಕೆ ಪ್ರತಿಯನ್ನು ಮಾತ್ರ ಕಳಿಸಿರಿ. ಅನಿವಾರ್ಯವಾಗಿ ಅಲ್ಲಿ ತಿದ್ದಿದರೆ ಅದೇ ದಿನ ಮನೆಗೆ ಇಳಿಸಿಕೊಳ್ಳಿರಿ. ಕಡತಗಳ ಹೆಸರನ್ನು ಆಂಗ್ಲದ ಸಣ್ಣಕ್ಷರಗಳಲ್ಲೇ ಇಡಿರಿ. ಮನೆಯ ವಿಂಡೋಸ್ ಯಂತ್ರ ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನೆಣಿಸದಿದ್ದರೂ ಲಿನಕ್ಸ್ ಸರ್ವರು ಎಣಿಸುತ್ತದೆ. ಚಿತ್ರದ ವಿಳಾಸ ನಿಮ್ಮ ಯಂತ್ರದೊಳಗಿನ ಸ್ಥಳವನ್ನೇ ಸೂಚಿಸುತ್ತಿದ್ದರೆ ಚಿತ್ರ ನಿಮಗೊಬ್ಬರಿಗೆ ಕಂಡೀತು, ಲೋಕಕ್ಕೆ ಕಾಣದು. ಪ್ರಕಟಿಸಿದ ಮೇಲೆ ಬೇರೆ ಮನೆಯ ಯಂತ್ರದಲ್ಲಿ ತೆರೆದು ಪರೀಕ್ಷಿಸಿರಿ. ಕನ್ನಡವನ್ನು ಯೂನಿಕೋಡ್ ಲಿಪಿಯಲ್ಲೇ ಬರೆಯಿರಿ. ಹಳೆಯ ಎಫ್‌ಟಿಪಿಯು ಗುಪ್ತಪದವನ್ನು ಮರೆಮಾಡದೆ ಸಾಗಿಸುತ್ತದೆ. ಸುರಕ್ಷಿತವಾದ ಎಸ್‌ಎಫ್‌ಟಿಪಿಯನ್ನೇ ಕೇಳಿ ಪಡೆಯಿರಿ. ಆ ಗುಪ್ತಪದವು ಮನೆಯ ಇನ್ನೊಬ್ಬರಿಗೂ ತಿಳಿದಿರಲಿ; ನಮ್ಮ ಬಳಿಕವೂ ಬಾಗಿಲು ತೆರೆಯಬೇಕಲ್ಲವೇ?

ಕೊನೆಯದಾಗಿ, ಮುಖ್ಯವಾದ ಪುಟಗಳನ್ನು ಕಾಗದದಲ್ಲಿ ಮುದ್ರಿಸಿ ಬಂಧುಗಳ ನಾಲ್ಕು ಮನೆಗಳಿಗೆ ಕೊಡಿರಿ. ನಮ್ಮ ಗುರುಗಳ ಇಪ್ಪತ್ತೊಂಬತ್ತು ಪುಟಗಳ ತಿದ್ದುಪಡಿಯನ್ನು ನಾವು ಇಂದಿಗೂ ಒಂದೊಂದಾಗಿ ಮರಳಿ ಮಾಡುತ್ತಿದ್ದೇವೆ. ಪಾಠಾಂತರ ಕಳಿಸಿದವರಲ್ಲಿ ಕೆಲವರು ಈಗ ಇಲ್ಲ. ಅವರಿಗೆ ನಾವು ಋಣಿಗಳು, ಅಪರಾಧಿಗಳೂ ಹೌದು.